ಟವೆಲ್ ಹೊದ್ದು ಹಾರಿದ ಅಣಬಿ

ಸಾಲಗುಂದದ ಕಸ್ತೂರೆಮ್ಮ ಅಣಬಿ ಸಾರಿಗೆ ಒಗ್ಗರಣೆ ಕೊಟ್ಟರೆ ಸಿಂಧನೂರಿನ ಬಸ್ಸುಗಳು ದಾರಿ ತಪ್ಪುತ್ತವೆ. ಸುಳ್ಳೆನ್ನುವವರು ಡ್ರೈವರುಗಳನ್ನೇ ಕೇಳಲಿ. ಅಂಥ ಅತ್ತೆ, ಹೆಂಡತಿಯನ್ನು ಕರೆದೊಯ್ಯಲು ಬಂದ ಅಳಿಯ ಕರಿಬಸಯ್ಯನಿಗೆ ಬೆಳಗಾಗುತ್ತಲೇ ಒಂದು ಕರಾರು ಹಾಕಿದಳು.

“ರಾತ್ರಿ ಮಳಿ ಆಗೈತಿ, ಹುತ್ತದ ಮ್ಯಾಲೆ ಅಣಬಿ ಎದ್ದಿರತಾವ. ಒಂದು ಪುಟ್ಟಿ ತುಂಬ ತರ್ರಿ, ಮಧ್ಯಾಹ್ನದ ಬಸ್ಸಿಗೆ ಶಿವಗಂಗಾನ್ನ ಕರಕೊಂಡು ಹೋಗ್ರಿ. ಆದ್ರ ಕಂಡಕೂಡ್ಲೆ ಹೆಸರು ಹಿಡೀಬ್ಯಾಡ್ರಿ, ಬೆರಳು ತೋರಸಬ್ಯಾಡ್ರಿ, ದೃಷ್ಟಿ ಆಗತೈತಿ. ಸುಮ್ಮನ ಹೋಗಿ ಬಟ್ಟಿ ಮುಚ್ರಿ.”

ಸಂತೆಕಲ್ಲೂರಿನ ಒಣಹೊಲದಲ್ಲಿ ಜೋಳ, ತೊಗರಿ ನೋಡಿ ಬೆಳೆದ ಕರಿಬಸಯ್ಯನಿಗೆ ಗದ್ದೆಯ ಸಂಗತಿ ಅಷ್ಟಕ್ಕಷ್ಟೇ. ಪಕ್ಕದ ಮನೆಯ ಆದಪ್ಪನೂ ಜೊತೆಗೆ ಹೊರಟ. ಸಹಾಯಕ್ಕಲ್ಲ, ತಮಾಷೆ ನೋಡಲಿಕ್ಕೆ.

ಕೆನಾಲು ದಾಟಿದ್ದೇ ಬದುವಿನ ಹುತ್ತದ ಮೇಲೆ ಬೆಳ್ಳಗೆ, ದುಂಡಗೆ ಏನೋ. ಕೆಳಗೊಂದು ಸಣ್ಣ ಕಡ್ಡಿ. ಕರಿಬಸಯ್ಯ ಬಾಯಿ ಬಿಗಿಹಿಡಿದು ಹುಬ್ಬು ಹಾರಿಸಿದ.

“ಬೆಳ್ಳಕ್ಕಿ ಇದ್ದಂಗೈತ್ರಿ ಅಳಿಯಂದ್ರ,” ಎಂದ ಆದಪ್ಪ.

“ಬೆಳ್ಳಕ್ಕಿಗೆ ಎರಡು ಕಾಲು, ಇದಕ್ಕ ಒಂದ ಕಾಲು,” ಕರಿಬಸಯ್ಯ ಪಿಸುಗುಟ್ಟಿದ. “ಕುತ್ತಿಗಿ ಎಲ್ಲೈತಿ, ತೋರಸು. ಬ್ಯಾಡ, ಬೆರಳು ತೋರಸಬ್ಯಾಡ.”

ತೆವಳುತ್ತ ಹೋಗಿ ಹೆಗಲ ಮೇಲಿನ ಹೊಸ ಟವೆಲ್ ಬೀಸಿ ಮುಚ್ಚಿದ. ಅಣಬಿ ಎರಡನೇ ಕಾಲು ಇಳಿಸಿತು, ಮೊಳದುದ್ದ ಕುತ್ತಿಗೆ ಚಾಚಿತು, ಟವೆಲ್ ಹೊದ್ದುಕೊಂಡೇ ಆಚೆ ಊರು ಆರ್.ಎಚ್. ಕ್ಯಾಂಪಿನ ಕಡೆ ಹಾರಿತು. ನಾಟಿಗೆ ಬಗ್ಗಿದ್ದ ಹೆಂಗಸರು ನಕ್ಕ ರಭಸಕ್ಕೆ ಕೆನಾಲಿನ ನೀರು ಹಿಂದಕ್ಕೆ ಹರಿಯಿತು.

“ಅಳಿಯಂದ್ರು ಹಕ್ಕಿಗೆ ಹೊಸ ಬಟ್ಟಿ ಹೊಚ್ಚಿ ಆಯೇರಿ ಮಾಡ್ಯಾರವ್ವಾ,” ಎಂದಳು ಅವರಲ್ಲೊಬ್ಬಳು, ರೇಣುಕಮ್ಮ.

ಮುಂದಿನ ಹುತ್ತದ ಮೇಲೂ ಬಿಳಿ ಬಿಳಿ, ಒಂದು ಪುಟ್ಟಿಯಷ್ಟು. ಈ ಸಲ ಕರಿಬಸಯ್ಯ ಜಾಣನಾಗಿ ದೂರದಲ್ಲೇ ಕೂತ.

“ಎರಡನೇ ಕಾಲು ಇಳಸ್ಲಿ, ನೋಡೂಣು.”

ಯಾವುದೂ ಇಳಿಸಲಿಲ್ಲ. ಆದಪ್ಪ ಒಂದು ನಿದ್ದೆ ಮುಗಿಸಿದ. ಬಿಸಿಲು ನೆತ್ತಿಗೇರಿತು. ಕೊನೆಗೆ ಎಲ್ಲಿಂದಲೋ ನಿಜವಾದ ಬೆಳ್ಳಕ್ಕಿಯೊಂದು ಬಂದು ಅವುಗಳ ನಡುವೆ ಇಳಿಯಿತು. ಹುಳ ಹೆಕ್ಕಿತು, ಯಾರನ್ನೂ ಮಾತಾಡಿಸದೆ ಹೋಯಿತು. ಇವು ಅದರ ಬಳಗವಲ್ಲ ಎಂದು ಆಗ ಕರಿಬಸಯ್ಯನಿಗೆ ಖಾತ್ರಿಯಾಯಿತು. ಅಂಗಿ ಬಿಚ್ಚಿ ಮುಚ್ಚಿದ, ಕಿತ್ತ, ಪುಟ್ಟಿ ತುಂಬಿಕೊಂಡು ಓಡಿದ.

ಬಾಗಿಲಲ್ಲಿ ಶಿವಗಂಗಾ ಚೀಲ ಹಿಡಿದು ನಿಂತಿದ್ದಳು. ಕಸ್ತೂರೆಮ್ಮ ಒಂದು ಅಣಬಿ ಮುರಿದು ಮೂಸಿದಳು. ಅವಳ ಕಣ್ಣು ತುಂಬಿ ಬಂತು.

“ಇಂಥಾ ಅಣಬಿ ಆರಿಸೋ ಕಣ್ಣು ನಮ್ಮ ಮನ್ಯಾಗ ಹುಟ್ಟಿದೋರಿಗೂ ಬಂದಿಲ್ಲ.”

ಹೊರಗೆ ಬಸ್ಸಿನ ಹಾರ್ನು ಕೇಳಿಸಿತು. ಕರಿಬಸಯ್ಯ ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಅತ್ತೆ ಅದನ್ನು ಒಳಗೊಯ್ದಾಗಿತ್ತು.

“ಇಂಥಾ ಅಳಿಯನ್ನ ಹೆಂಗ ಕಳಸ್ಲಿ? ಮಳಿಗಾಲ ಮುಗಿಯೂತನಕ ಇಬ್ರೂ ಇಲ್ಲೇ ಇರ್ರಿ.”