ಓದಲಿಕ್ಕೆ ಬಂದವರೂ ಓಡಿದರು

ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಲಿಸುವವನಿಗೆ ಮಕ್ಕಳನ್ನು ಓಡಿಸುವುದಷ್ಟೇ ಕೆಲಸ ಎಂದು ಜನ ತಿಳಿದಿದ್ದಾರೆ. ಓಡದೆ ಇರಲು ಅವರು ಕೊಡುವ ಕಾರಣಗಳನ್ನು ನಗದೆ ಕೇಳಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ. ಹೊನ್ನಾವರದ ನನ್ನ ಸರ್ವಿಸಿನಲ್ಲಿ ಇಂಥ ಫಜೀತಿಗಳಿಗೆ ಎಂದೂ ಬರಗಾಲ ಬಂದದ್ದಿಲ್ಲ. ಇಂಟರ್ನೆಟ್ ಬಂದ ಮೇಲಂತೂ ಸುಗ್ಗಿಯೇ.

೧. ಬೆರಳಿನ ವ್ಯಾಯಾಮ

ಎರಡು ಸಾವಿರದ ಏಳೆಂಟರ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಬ್ರೌಸಿಂಗ್ ಸೆಂಟರ್ ಶುರುವಾಯಿತು. ನನ್ನ ಮೈದಾನದಲ್ಲಿ ದನ ಮಾತ್ರ ಉಳಿದವು. ಒಂದು ಸಂಜೆ ಸಿಟ್ಟು ತಡೆಯದೆ ಸೆಂಟರಿಗೇ ನುಗ್ಗಿ ಸೀಟಿ ಊದಿದೆ. ಪರದೆ ಸರಿಸಿ ನನ್ನ ಓಟಗಾರನೊಬ್ಬ ಇಣುಕಿದ.

"ವಾರ್ಮ್‌ಅಪ್ ಮಾಡ್ತಾ ಇದ್ದೆ ಸರ್."

"ಎಂತದ್ದು?"

ಹತ್ತೂ ಬೆರಳು ತೋರಿಸಿದ.

ಕೊನೆಯ ಕ್ಯಾಬಿನ್ನಿನಲ್ಲಿ ಮಾವಿನಕುರ್ವೆಯ ಹುಡುಗಿ ಕೂತಿದ್ದಳು. ಮೀನುಗಾರರ ಮನೆಯವಳು, ಡಿಗ್ರಿ ಮುಗಿಸಿದವಳು. ಹಿಂದಿನ ವರ್ಷ ಪೊಲೀಸ್ ನೇಮಕಾತಿಯಲ್ಲಿ ಒಂದು ಸುತ್ತಿನ ಓಟವನ್ನು ಎರಡೇ ಸೆಕೆಂಡು ತಡವಾಗಿ ಕಳೆದುಕೊಂಡಿದ್ದಳು. "ಇನ್ನೊಂದು ಸಲ ನೋಡು, ಆಗದಿದ್ರೆ ಮೀನು ಒಣಗ್ಸುಕೆ ಬಾ," ಎಂದು ಅಪ್ಪ ಹೇಳಿಬಿಟ್ಟಿದ್ದ. ಗೆಳೆಯರನ್ನು ಕೂಡಿಸುವ ಆಗಿನ ಒಂದು ಇಂಟರ್ನೆಟ್ ತಾಣದಲ್ಲಿ ಅವಳು ಗುಂಪು ಕಟ್ಟುತ್ತಿದ್ದಳು, ಜೊತೆಗೆ ಓಡುವವರು ಬೇಕೆಂದು.

"ಒಬ್ಳೇ ಓಡಿದ್ರೆ ಎಂತ ಆಗ್ತದೆ?" ಎಂದು ಕೇಳಿದೆ.

"ಓಡೂಕೆ ಬಿಡೂದಿಲ್ಲ ಸರ್. ದಾರಿ ಮೇಲೆ ಸಿಕ್ಕಿದವ್ರೆಲ್ಲ ನಿಲ್ಸಿ, ಬಸ್ ತಪ್ತಾ ಕೇಳ್ತಾರೆ. ಮೊನ್ನೆ ಒಬ್ರು ಸೈಕಲ್ ಮೇಲೆ ಕೂರ್ಸ್ಕಂಡು ಸ್ಟಾಪಿಗೆ ಬಿಟ್ಟೇ ಹೋದ್ರು."

೨. ದ ಮತ್ತು ಡ

ಗುಂಪಿನ ಹೆಸರು ‘ಓಡೋಣ ಬನ್ನಿ’. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಕಾಲ ಅದು. ಬೆಳಿಗ್ಗೆ ಐದೂವರೆಗೆ ಕಾಲೇಜು ಮೈದಾನಕ್ಕೆ ಬನ್ನಿ ಎಂದು ಹಾಕಿದ್ದಳು. ಯಾರೂ ಬರುವುದಿಲ್ಲ ಎಂದು ನಾನು ಖಾತ್ರಿಯಾಗಿ ಹೇಳಿದ್ದೆ. ಹನ್ನೊಂದು ಜನ ಬಂದರು. ಐದು ಜನರ ಕಾಲಲ್ಲಿ ಬೂಟು, ಐದು ಜನರ ಕೈಯಲ್ಲಿ ಪುಸ್ತಕ. ಹನ್ನೊಂದನೆಯವರು ನಿವೃತ್ತ ಕನ್ನಡ ಮಾಸ್ತರರು, ಕಂಕುಳಲ್ಲಿ ದಪ್ಪ ಗ್ರಂಥ.

"ಪಿಂಚಣಿ ಫಾರ್ಮ್ ತೆಗೆಸೋಕೆ ಸೆಂಟರಿಗೆ ಹೋದಾಗ ನೋಡಿದೆ," ಎಂದರು ಮಾಸ್ತರರು. "ಯುವಕರು ಐದೂವರೆಗೆ ಎದ್ದು ಓದ್ತಾರೆ ಅಂದ್ರೆ ನನ್ನ ಜನ್ಮ ಸಾರ್ಥಕ ಆತು."

ಹುಡುಗಿ ಮೆಲ್ಲಗೆ, "ಓದೋಣ ಅಲ್ಲ ಸರ್, ಓಡೋಣ," ಎಂದಳು.

ಇಂಗ್ಲಿಷಿನಲ್ಲಿ ದಕ್ಕೂ ಡಕ್ಕೂ ಒಂದೇ ಅಕ್ಷರ. ಮಾಸ್ತರರು ಒಮ್ಮೆ ಗ್ರಂಥ ನೋಡಿದರು, ಒಮ್ಮೆ ಮೈದಾನ ನೋಡಿದರು. ಆಮೇಲೆ ಐದೂ ಜನರ ಪುಸ್ತಕ ಕಸಿದುಕೊಂಡು ಕಟ್ಟೆಯ ಮೇಲೆ ಇಟ್ಟು, ಅದರ ಮೇಲೆ ತಾವೇ ಕೂತರು.

"ಬಂದದ್ದು ಬಂದಾಯ್ತು. ಒಂದು ಸುತ್ತು ಓಡಿದವರಿಗೆ ಮಾತ್ರ ಪುಸ್ತಕ ವಾಪಸ್."

೩. ಕುಮಟೆಯ ಬೆವರು

ತಿಂಗಳೊಪ್ಪತ್ತಿನಲ್ಲಿ ಗುಂಪು ಭಟ್ಕಳ, ಕುಮಟೆಗೂ ಹಬ್ಬಿತು. ಯಾರು ಎಷ್ಟು ಸುತ್ತು ಓಡಿದರು ಎಂದು ದಿನಾ ಬರೆಯುವುದು ಶುರುವಾಯಿತು. ಭಟ್ಕಳದವರು ಹತ್ತು ಸುತ್ತು ಹಾಕಿದರಂತೆ ಎಂದು ತಿಳಿದರೆ ಸಾಕು, ನಮ್ಮ ಸೋಮಾರಿಗಳು ಹನ್ನೊಂದು ಹಾಕುತ್ತಿದ್ದರು. ಇಷ್ಟು ವರ್ಷದ ನನ್ನ ಭಾಷಣ ಮಾಡದ್ದನ್ನು ಆ ತಾಣ ಮಾಡಿತು. ಹೊಟ್ಟೆ ಉರಿಯಿತು, ಖುಷಿಯೂ ಆಯಿತು.

ಎಲ್ಲರಿಗಿಂತ ಹೆಸರು ಮಾಡಿದವ ಕುಮಟೆಯ ಒಬ್ಬ ಯುವಕ. ದಿನಕ್ಕೊಂದು ಫೋಟೋ. ಇವತ್ತು ಓಂ ಬೀಚಿನಲ್ಲಿ, ನಾಳೆ ಮತ್ತೆಲ್ಲೋ, ಮೈತುಂಬ ಬೆವರು. ನಮ್ಮವರಿಗೂ ಸ್ಫೂರ್ತಿಯಾಗಲಿ ಎಂದು ಒಂದು ಭಾನುವಾರ ಕರೆಸಿದೆ. ಬಂದವನೇ, "ನಲ್ಲಿ ಎಲ್ಲದೆ ಸರ್?" ಎಂದ. ಕುಡಿಯಲಿಕ್ಕೆ ಎಂದುಕೊಂಡೆ. ತಲೆ ಮೇಲೆ ಎರಡು ಚೊಂಬು ಸುರಿದುಕೊಂಡ, ಕ್ಯಾಮೆರಾ ನನ್ನ ಕೈಗಿತ್ತ, ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಟ್ಟ. ಫೋಟೋ ತೆಗೆದಾದ ಮೇಲೆ ನೆರಳಲ್ಲಿ ಕೂತುಬಿಟ್ಟ.

"ಓಡೂದು ಯಾವಾಗ?"

"ಅದು ಫೋಟೋದಲ್ಲಿ ಕಾಣೂದಿಲ್ಲ ಸರ್."

೪. ಗುಜರಿ

ಆ ತಾಣದಲ್ಲಿ ಒಬ್ಬರಿಗೊಬ್ಬರು ಬರೆಯುವ ನಾಲ್ಕು ಸಾಲಿಗೆ ಸ್ಕ್ರ್ಯಾಪ್ ಎಂದು ಹೆಸರು. ಇದು ಹುಡುಗಿಯ ಅಪ್ಪನಿಗೆ ಗೊತ್ತಿರಲಿಲ್ಲ. ಒಂದು ದಿನ ಮುಖ ಗಂಟಿಕ್ಕಿಕೊಂಡು ಮೈದಾನಕ್ಕೆ ಬಂದ.

"ಸರ್, ಮಗಳು ದಿನಾ ಸ್ಕ್ರ್ಯಾಪ್ ಬಂತು, ಸ್ಕ್ರ್ಯಾಪ್ ಬಂತು ಅಂತದೆ. ಮನೆಗೆ ಒಂದು ತುಕ್ಕು ಮೊಳೆ ಬಂದದ್ದಿಲ್ಲ. ಎಲ್ಲಿ ರಾಶಿ ಹಾಕ್ತದೆ? ಇದೇ ವ್ಯವಹಾರ ಆದ್ರೆ ಓಟ ಇವತ್ತಿಗೇ ಸಾಕು."

ನೇಮಕಾತಿಯ ಓಟಕ್ಕೆ ಮೂರೇ ವಾರ ಇತ್ತು. ಅವನನ್ನು ಸೆಂಟರಿಗೆ ಕರೆದುಕೊಂಡು ಹೋದೆ. ಮಗಳು ತನ್ನ ಪುಟ ತೆರೆದಳು, ನಾನು ಒಂದೊಂದೇ ಓದಿ ಹೇಳಿದೆ. ಭಟ್ಕಳದಿಂದ, "ತಂಗಿ, ಈ ಸಲ ನಿಂದೇ." ಕುಮಟೆಯಿಂದ, "ನಿನ್ನ ನೋಡಿ ನನ್ನ ಅಕ್ಕನೂ ಓಡ್ತಾಳೆ." ಅಂಥ ನಲವತ್ತು ಸ್ಕ್ರ್ಯಾಪ್ ಇದ್ದವು, ಅಪ್ಪ ಎಲ್ಲವನ್ನೂ ಕೇಳಿದ. ಹೆಗಲ ಟವೆಲಿನಲ್ಲಿ ಕಣ್ಣೊರೆಸಿಕೊಂಡ. ಹೊರಡುವಾಗ ಸೆಂಟರಿನ ಮಾಲೀಕನ ಕಿವಿಯಲ್ಲಿ ಹೇಳಿದ:

"ಇದ್ರಲ್ಲಿ ಒಂದನ್ನೂ ಗುಜರಿಗೆ ಹಾಕ್ಬೇಡಿ."

೫. ಕಾರವಾರದಲ್ಲಿ

ಓಟದ ದಿನ ಮೂರೂ ತಾಲೂಕಿನವರು ಕಾರವಾರಕ್ಕೆ ಬಂದಿದ್ದರು. ಅವಳ ಮುಖ ನೋಡದವರೂ ಹಗ್ಗದ ಆಚೆ ನಿಂತು ಅವಳ ಹೆಸರು ಕೂಗುತ್ತಿದ್ದರು. ಇದೊಂದು ಸುತ್ತಿನಲ್ಲಿ ಅವಳ ಬದುಕು ಆ ಕಡೆಗೋ ಈ ಕಡೆಗೋ ತೀರ್ಮಾನವಾಗಬೇಕಿತ್ತು.

ಸೀಟಿ ಆಯಿತು. ಮಗಳು ಹಗ್ಗದ ಒಳಗೆ ಓಡಿದಳು. ಅಪ್ಪ ಲುಂಗಿ ಎತ್ತಿ ಕಟ್ಟಿ ಹಗ್ಗದ ಹೊರಗೆ ಓಡಿದ. ಯಾರೂ ಹೇಳಿದ್ದಲ್ಲ, ನಿಂತಲ್ಲಿ ನಿಲ್ಲಲು ಅವನಿಂದ ಆಗಲಿಲ್ಲ. ಕೊನೆಯ ತಿರುವಿನಲ್ಲಿ ಹಗ್ಗ ಮುಗಿದಿತ್ತು. ಅದು ಅವನಿಗೆ ಕಾಣಲಿಲ್ಲ, ಓಡುತ್ತ ಓಡುತ್ತ ಒಳಗೇ ಬಂದುಬಿಟ್ಟ.

ಮಗಳು ಗೆರೆ ದಾಟಿದಾಗ ಇನ್ನೂ ನಾಲ್ಕು ಸೆಕೆಂಡು ಬಾಕಿ ಇತ್ತು. ಪಾಸು. ನಾವು ಕುಣಿದಾಡಿದೆವು. ನನಗೆ ಅಳು ಬಂತು, ನಾಚಿಕೆಯೇನೂ ಆಗಲಿಲ್ಲ. ಅವಳ ಬೆನ್ನಿಗೇ ಅಪ್ಪನೂ ಗೆರೆ ದಾಟಿ ಅಧಿಕಾರಿಯ ಮೇಜಿನ ಮುಂದೆ ಬಂದು ನಿಂತ. ಅಧಿಕಾರಿ ಪಟ್ಟಿಯಿಂದ ತಲೆ ಎತ್ತದೆಯೇ, "ನಂಬರ್ ಹೇಳಿ," ಎಂದರು.

ಅಪ್ಪ ಏದುಸಿರು ಬಿಡುತ್ತ ಉದ್ದದ ಒಂದು ನಂಬರ್ ಹೇಳಿದ. ಅರ್ಧ ಬರೆದ ಮೇಲೆ ಅಧಿಕಾರಿ ಪೆನ್ನು ನಿಲ್ಲಿಸಿ ತಲೆ ಎತ್ತಿದರು.

"ಇದು ಯಾವ ನಂಬರ್ ಮಾರಾಯ್ರೆ?"

"ದೋಣಿದು ಸರ್," ಎಂದ ಅಪ್ಪ. "ನಂಗೆ ಅಂತ ಇನ್ನೂ ಯಾರೂ ನಂಬರ್ ಕೊಟ್ಟಿಲ್ಲ."