ಮಾವನ ಟಿವಿಯೂ ನನ್ನ ಕಂಪ್ಯೂಟರೂ

ಮನೆಯಲ್ಲಿ ತಂತಿ ಬೆಸೆಯುವ ಒಂದು ಸಾಲ್ಡರಿಂಗ್ ಐರನ್ ಇದೆ ಅಂತ ಗೊತ್ತಾದರೆ ಸಾಕು, ಊರಿನ ಕೆಟ್ಟ ಮಿಕ್ಸಿಗಳೆಲ್ಲ ನಿಮ್ಮ ಮನೆಯ ದಾರಿ ಕೇಳಿಕೊಂಡು ಬರುತ್ತವೆ. ಇದು ಆಗಲೂ ಹೀಗೇ ಇತ್ತು, ಈಗಲೂ ಹೀಗೇ ಇದೆ. ಮೊನ್ನೆ ಒಬ್ಬರು ಮೊಬೈಲ್ ಚಾರ್ಜರ್ ಹಿಡಿದುಕೊಂಡು ಬಂದು, ನಾನು ಊಟಕ್ಕೆ ಕೂತಿದ್ದೇನೆ ಅಂದರೂ ಬಾಗಿಲಲ್ಲೇ ನಿಂತಿದ್ದರು. ಇಂಥವನ್ನೆಲ್ಲ ನಕ್ಕು ಮರೆತುಬಿಡಬೇಕು ಅಂತ ಹೇಳುವವರಿದ್ದಾರೆ. ನಗುವವರು ನಗಲಿ, ನನಗೆ ಸಿಟ್ಟು ಇನ್ನೂ ಇಳಿದಿಲ್ಲ.

ಆಗ ನಾನು ಕೆಜಿಎಫ್‌ನ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ನನ್ನ ಊರು ಚಿತ್ರದುರ್ಗದ ಕಡೆ. ಹೆಂಡತಿಯ ತವರು ಬಂಗಾರಪೇಟೆ ಪಕ್ಕದ ಹಳ್ಳಿ. ಕೆಜಿಎಫ್‌ನೊಳಗಿನ ಊರಿಗಾಂನ ಸಾಲುಮನೆಯೊಂದರಲ್ಲಿ ನಮ್ಮ ಸಂಸಾರ. ಮನೆಯಲ್ಲೇ ಕಂಪ್ಯೂಟರ್ ಕಟ್ಟಿಕೊಳ್ಳಿ ಅಂತ ಇಂಗ್ಲಿಷ್ ಪತ್ರಿಕೆಗಳಲ್ಲಿ ಸರ್ಕ್ಯೂಟ್ ಬರುತ್ತಿದ್ದ ಕಾಲ ಅದು. ಕೀಬೋರ್ಡ್ ನಾವೇ ಜೋಡಿಸಿಕೊಳ್ಳಬೇಕು, ಪ್ರೋಗ್ರಾಂ ಉಳಿಸಿಡಲು ಟೇಪ್ ರೆಕಾರ್ಡರ್, ಪರದೆಗೆ ಮನೆಯ ಟಿವಿ.

ಎಲ್ಲ ಸರಿ, ಆದರೆ ಆ ಟಿವಿ ನನ್ನದಲ್ಲ. ಮದುವೆಯಲ್ಲಿ ಮಾವ ಕೊಟ್ಟದ್ದು. ಕೊಟ್ಟ ಮೇಲೂ ಅವರು ಅದನ್ನು "ನಮ್ ಟಿವಿ" ಅಂತಲೇ ಕರೆಯುತ್ತಿದ್ದರು. ಅದರ ಹಿಂದಿನ ಮುಚ್ಚಳ ಬಿಚ್ಚಿದ ದಿನ ಹೆಂಡತಿ ಒಂದು ಕರಾರು ಹಾಕಿದಳು. ಅಪ್ಪನ ಕಣ್ಣಿಗೆ ಬೀಳುವುದರೊಳಗೆ ಅದರಲ್ಲಿ ಏನಾದರೂ ಮೂಡಬೇಕು, ಇಲ್ಲದಿದ್ದರೆ ನನ್ನ ಸಾಮಾನೆಲ್ಲ ಗುಜರಿಗೆ. ನನಗೆ ಬೇಕಾಗಿದ್ದದ್ದೂ ಅಷ್ಟೇ. ನಾನು ಒತ್ತಿದ ಅಕ್ಷರ ಪರದೆಯ ಮೇಲೆ ಬರಬೇಕು, ಮಾವ ಅದನ್ನು ನೋಡಬೇಕು, ಅಳಿಯನ ತಲೆ ಕೆಟ್ಟಿಲ್ಲ ಅಂತ ಒಪ್ಪಿಕೊಳ್ಳಬೇಕು.

ಕರೆಂಟಿಲ್ಲದ ರಿಪೇರಿ

ನನಗೆ ಭಾನುವಾರ ಒಂದೇ ರಜ. ಬೆಳಿಗ್ಗೆ ಐರನ್ ಬಿಸಿಗಿಟ್ಟು ಮೇಜಿನ ಮೇಲೆ ಬಗ್ಗುತ್ತಿದ್ದಂತೆ ಬಾಗಿಲಲ್ಲಿ ಒಂದು ಮಿಕ್ಸಿ. ಅದನ್ನು ಕಳಿಸಿದರೆ ಇಸ್ತ್ರಿಪೆಟ್ಟಿಗೆ. ಅದು ಹೋದರೆ ಟೇಬಲ್ ಫ್ಯಾನು. ಇದು ನನ್ನ ಕೆಲಸವಲ್ಲ, ಬಜಾರಿನಲ್ಲಿ ಇದಕ್ಕೆಂದೇ ಅಂಗಡಿ ಇದೆ ಅಂದರೆ, ಅಂಗಡಿಯವನು ವಾರಗಟ್ಟಲೆ ಅಲೆಸುತ್ತಾನೆ, ನೀವಾದರೆ ನಮ್ಮವರು ಅನ್ನುತ್ತಿದ್ದರು. ಒಬ್ಬ ಮಹಾಶಯ ಮಿಕ್ಸಿಯನ್ನು ಜಾರಿನ ಸಮೇತ ತಂದುಕೊಟ್ಟು, ಒಳಗೆ ಚಟ್ನಿ ಇದೆ, ಚೆಲ್ಲಬೇಡಿ, ಅರ್ಧ ರುಬ್ಬಿದೆ, ಸರಿಯಾದ ಮೇಲೆ ಇನ್ನೊಂದು ಸುತ್ತು ತಿರುಗಿಸಿಬಿಡಿ ಅಂತ ಹೇಳಿ ಹೋದ. ನಾನು ರುಬ್ಬಿಯೂ ಕೊಟ್ಟೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ಎದುರು ಸಾಲಿನ ಹೆಂಗಸೊಬ್ಬರು ಪ್ರೆಷರ್ ಕುಕ್ಕರ್ ತಂದು ನಾನು ಜೋಡಿಸುತ್ತಿದ್ದ ಕೀಬೋರ್ಡಿನ ಪಕ್ಕದಲ್ಲೇ ಧಡ್ ಅಂತ ಇಟ್ಟರು. ಎಷ್ಟು ಹೊತ್ತು ಕಾಯಿಸಿದರೂ ವಿಷಲ್ ಬರುತ್ತಿಲ್ಲವಂತೆ. ನಾನು ಹಲ್ಲು ಕಚ್ಚಿಕೊಂಡು, ಸಾಧ್ಯವಾದಷ್ಟು ಮೆತ್ತಗೆ ಹೇಳಿದೆ.

"ಇದರಲ್ಲಿ ಕರೆಂಟೇ ಇಲ್ಲವಲ್ಲಮ್ಮ."

"ಅದಕ್ಕೇ ಸಾರ್, ಬೇಗ ಆಗ್ತದೆ ಅಂತ ತಂದೆ" ಅಂದರು.

ನೆಟ್ಟಗಾದ ಕಾಲುಗಳು

ಕಂಪ್ಯೂಟರಿನ ಮುಖ್ಯ ಚಿಪ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತಿತ್ತು. ಅದೂ ಹತ್ತು ಅಂಗಡಿ ಮೆಟ್ಟಿಲು ಹತ್ತಿಳಿದ ಮೇಲೆ. ಒಂದು ದಿನ ರಜ ಹಾಕಿ ಹೋಗಿ ಕೊಂಡು, ಸಂಜೆಯ ಪ್ಯಾಸೆಂಜರ್ ಟ್ರೇನಿನಲ್ಲಿ ವಾಪಸ್ ಬರುತ್ತಿದ್ದೆ. ಕಪ್ಪು ಸ್ಪಂಜಿಗೆ ಚುಚ್ಚಿ, ಪುಟ್ಟ ಡಬ್ಬಿಯಲ್ಲಿ ಹಾಕಿ, ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ನಮ್ಮ ಬಂಗಾರಪೇಟೆ ಟ್ರೇನಿನಲ್ಲಿ ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡವನು ಅದನ್ನು ತೆಗೆದು ತೋರಿಸಲೇಬೇಕು. ತೋರಿಸದಿದ್ದರೆ ಅವನು ಜಂಬದವನು, ಮುಂದಿನ ಸಲ ಯಾರೂ ಜರುಗಿ ಜಾಗ ಕೊಡುವುದಿಲ್ಲ.

ಪಕ್ಕದವರು ಕೇಳಿದರು, ತೆಗೆದು ತೋರಿಸಿದೆ. ಒಬ್ಬರು ಕೈಗೆ ತೆಗೆದುಕೊಂಡರು. ಬರಿಗೈಯಲ್ಲಿ ಮುಟ್ಟಬೇಡಿ, ನಮ್ಮ ಮೈಯಲ್ಲಿರುವ ಕರೆಂಟಿಗೇ ಅದು ಸತ್ತುಹೋಗುತ್ತದೆ ಅಂದೆ. ಮೈಯಲ್ಲಿ ಕರೆಂಟಂತೆ ಅಂತ ಇಡೀ ಬೋಗಿ ನಕ್ಕಿತು. ನಗುತ್ತಲೇ ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಒಬ್ಬ ಅಜ್ಜಿ ಜರಿಹುಳ ಅಂತ ಹೆದರಿ ಪಕ್ಕದವರ ಮೇಲೆ ಎಸೆದರು. ಕಡ್ಲೆಕಾಯಿ ಹಂಚಿದ ಹಾಗೆ ನನ್ನ ಚಿಪ್ ಬೋಗಿಯ ಉದ್ದಕ್ಕೂ ಹೋಗಿ ಕಣ್ಮರೆಯಾಯಿತು. ನಾನು ಎದ್ದು ಹೋಗೋಣವೆಂದರೆ ಸೀಟು ಹೋಗುತ್ತದೆ, ಕೂತಿರೋಣವೆಂದರೆ ಜೀವ ಹೋಗುತ್ತದೆ.

ಬಂಗಾರಪೇಟೆ ಹತ್ತಿರ ಬಂದಾಗ, ಬಾಗಿಲ ಬಳಿ ಖಾಲಿ ಹಾಲಿನ ಕ್ಯಾನಿನ ಮೇಲೆ ಕೂತಿದ್ದ ಒಬ್ಬ ಮನುಷ್ಯ ಅದನ್ನು ತಾನೇ ತಂದು ನನ್ನ ಕೈಗಿಟ್ಟ. ಇಂಥ ಚಿಪ್ಪಿನ ಕಾಲುಗಳು ಎರಡೂ ಬದಿ ಕೆಳಕ್ಕೆ ಬಾಗಿರುತ್ತವೆ, ಬಾಗಿದ್ದರೇ ಬೋರ್ಡಿನ ತೂತಿಗೆ ಇಳಿಯುವುದು. ಇದರ ಕಾಲುಗಳು ಈಜು ಹೊಡೆಯುವವನ ಕೈಗಳಂತೆ ಎರಡೂ ಕಡೆ ಚಾಚಿಕೊಂಡಿದ್ದವು.

"ಎಲ್ಲಾ ಬಗ್ಗೋಗಿದ್ವು ಸಾ, ಒಂದೊಂದಾಗಿ ನೆಟ್ಟಗ್ ಮಾಡಿದೀನಿ" ಅಂದ. "ಅಂಗಡಿಯೋನು ನಿಮ್ಗೆ ಮೋಸ ಮಾಡವ್ನೆ, ನೋಡ್ಕಳಿ."

ತಾಮ್ರ

ಆ ಕಾಲುಗಳನ್ನೆಲ್ಲ ಮತ್ತೆ ಬಗ್ಗಿಸಿಕೊಂಡೆ. ಪುಣ್ಯಕ್ಕೆ ಒಂದೂ ಮುರಿಯಲಿಲ್ಲ. ಇನ್ನು ಅದನ್ನು ಕೂರಿಸುವ ಬೋರ್ಡ್ ಮಾಡಬೇಕಿತ್ತು. ತಾಮ್ರ ಹೊದಿಸಿದ ಹಲಗೆಯ ಮೇಲೆ ಬಣ್ಣದಲ್ಲಿ ಗೆರೆ ಎಳೆದು ಆಸಿಡ್ಡಿನಂಥ ಒಂದು ದ್ರಾವಣದಲ್ಲಿ ಅದ್ದಿದರೆ, ಗೆರೆಯ ಕೆಳಗಿನ ತಾಮ್ರ ಉಳಿದು ಮಿಕ್ಕದ್ದು ಕರಗಿಹೋಗುತ್ತದೆ. ಅಡುಗೆಮನೆಯಲ್ಲಿ ಬಿಡಲಿಲ್ಲವಾದ್ದರಿಂದ ಹಿತ್ತಲಲ್ಲಿ ಕೂತೆ. ಮೂಗಿಗೆ ಕರ್ಚೀಫು, ಮುಂದೆ ಪ್ಲಾಸ್ಟಿಕ್ ಬೇಸನ್ನು, ಪಕ್ಕದಲ್ಲಿ ಹೊಗೆಯಾಡುವ ಐರನ್.

ಬೇರೆ ಊರಿನಲ್ಲಾಗಿದ್ದರೆ ಹುಚ್ಚ ಅಂತ ಸುಮ್ಮನಾಗುತ್ತಿದ್ದರು. ಕೆಜಿಎಫ್‌ನಲ್ಲಿ ಹಿತ್ತಲಲ್ಲಿ ಆಸಿಡ್ ಇಟ್ಟುಕೊಂಡು ಹೊಗೆ ಎಬ್ಬಿಸುವವನು ಏನು ಮಾಡುತ್ತಿದ್ದಾನೆ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಗಣಿಯಿಂದ ಅದಿರು ಹಾರಿಸಿಕೊಂಡು ಬಂದು ಚಿನ್ನ ತೆಗೆಯುತ್ತಿದ್ದಾನೆ, ಅಷ್ಟೇ.

ಪಕ್ಕದ ಮನೆಯಲ್ಲಿ ಒಬ್ಬ ತಾತ ಇದ್ದರು. ಚಾಂಪಿಯನ್ ರೀಫ್ಸ್ ಕಡೆಯ ಮಿಲ್ಲಿನಲ್ಲಿ, ಬಂಡೆ ಅರೆದು ಚಿನ್ನ ತೆಗೆಯುವ ಕೆಲಸದಲ್ಲಿ ಕೂದಲು ನರೆಸಿಕೊಂಡವರು. ತಮಿಳು, ಕನ್ನಡ ಎರಡರ ಜೊತೆ ಸಾಹೇಬರ ಕೈಕೆಳಗೆ ಕಲಿತ ಒಳ್ಳೆಯ ಇಂಗ್ಲಿಷೂ ಅವರಿಗಿತ್ತು. ಅವತ್ತು ಗೋಡೆಯ ಮೇಲಿಂದ ಇಣುಕಿದರು. ನಾನು ಬೋರ್ಡನ್ನು ಎತ್ತಿ ನೀರಿನಲ್ಲಿ ತೊಳೆಯುತ್ತಿದ್ದೆ, ಬಿಸಿಲಿಗೆ ಗೆರೆಗಳು ಫಳಫಳ ಅನ್ನುತ್ತಿದ್ದವು. ತಾತ ಬಹಳ ಹೊತ್ತು ನೋಡಿ, ಹೊಗೆ ಸ್ವಲ್ಪ ಜಾಸ್ತಿಯಾಯಿತು, ಬೀದಿಗೆ ಕಾಣುತ್ತದೆ ಅಂದರು. ನನಗೆ ರೇಗಿಹೋಯಿತು. ಇದು ಕಂಪ್ಯೂಟರಿನ ಬೋರ್ಡು, ಇದರಲ್ಲಿರುವುದು ತಾಮ್ರ, ಬರೀ ತಾಮ್ರ ಅಂತ ಕೂಗಿಕೊಂಡೆ.

ತಾತ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಆಮಾ ಸಾರ್, ತಾಮ್ರ. ಯಾರು ಕೇಳಿದ್ರೂ ತಾಮ್ರ ಅಂತಾನೇ ಹೇಳಿ."

ಮಾವ ಬಂದರು

ಮಾರನೆಯ ದಿನದಿಂದ ಬೀದಿಯಲ್ಲಿ ನನಗೆ ನಮಸ್ಕಾರಗಳು ಬೀಳತೊಡಗಿದವು. ಮಿಕ್ಸಿಗಳು ನಿಂತುಹೋದವು, ಆ ವಾರದ ಸಂಜೆಗಳಲ್ಲಿ ಚಿಪ್ಪು, ಕೀಬೋರ್ಡು ಎಲ್ಲ ಬೋರ್ಡಿಗೆ ಕೂತವು. ಇಷ್ಟು ಓದಿ, ಇಷ್ಟು ಕೆಲಸ ಮಾಡಿ ಸಿಗದ ಮರ್ಯಾದೆ ಕಳ್ಳನಾದ ಕೂಡಲೇ ಸಿಕ್ಕಿತು. ನನಗೆ ಅದಕ್ಕೂ ಸಿಟ್ಟು ಬಂತು.

ಸುದ್ದಿ ಟ್ರೇನು ಹತ್ತಿ ಬಂಗಾರಪೇಟೆಗೂ ಹೋಯಿತು. ಮುಂದಿನ ಭಾನುವಾರ ಬೆಳಿಗ್ಗೆಯೇ ಮಾವ ಬಾಳೆಗೊನೆ, ಬೆಣ್ಣೆಯ ಡಬ್ಬಿ ಹೊತ್ತುಕೊಂಡು ಬಂದಿಳಿದರು. ಮದುವೆಯಾದಂದಿನಿಂದ ಅವರ ಮುಖದಲ್ಲಿ ನಾನು ಅಷ್ಟು ಪ್ರೀತಿ ಕಂಡಿರಲಿಲ್ಲ. ಕಾಫಿಯನ್ನೂ ಕುಡಿಯದೆ ನನ್ನ ತೋಳು ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಏನೂ ಮುಚ್ಚಿಡಬೇಡಿ, ಮನೆಯ ಮಾತು ಮನೆಯಲ್ಲೇ ಇರುತ್ತದೆ, ತೋರಿಸಿ ಅಂದರು. ಬೋರ್ಡ್ ತಂದು ತೋರಿಸಿದೆ. ಉಗುರಿನಲ್ಲಿ ಕೆರೆದರು, ಹಲ್ಲಿನಲ್ಲಿ ಕಚ್ಚಿದರು. ಇದು ನಿಜವಾಗಿಯೂ ತಾಮ್ರ ಅಂತ ಗೊತ್ತಾದಾಗ ಅವರಿಗೆ ಆದ ದುಃಖ ನೋಡಲಾಗುತ್ತಿರಲಿಲ್ಲ. ಅದೇ ದುಃಖದಲ್ಲಿ ಒಳಗೆ ಬಂದವರಿಗೆ ಎದುರಾದದ್ದು ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ ಟಿವಿ.

ಅವರ ಕಡೆ ಮಾವನಾದವನು ಅಳಿಯನನ್ನು ಎದುರೆದುರೇ ಬೈಯುವ ಹಾಗಿಲ್ಲ. ಅಳಿಯನೂ ಎದುರು ಮಾತಾಡುವ ಹಾಗಿಲ್ಲ. ಏನಿದ್ದರೂ ಮಗಳ ಮೂಲಕ. ನಾವು ಮೂವರೂ ಒಂದೇ ಕೋಣೆಯಲ್ಲಿ, ಕೈಗೆ ಸಿಗುವಷ್ಟು ಹತ್ತಿರದಲ್ಲಿ ನಿಂತಿದ್ದೆವು.

"ಅಮ್ಮಣ್ಣಿ, ನಿನ್ ಗಂಡಂಗ್ ಯೋಳು" ಅಂದರು ಮಾವ. "ಕದಿಯಾಕಂತೂ ಬರಲ್ಲ, ಓಗ್ಲಿ. ಇರೋ ಟಿವೀನಾದ್ರೂ ನೆಟ್ಟಗಿಕ್ಕೋಕಾಗಲ್ವಾ ಅಂತ ಕೇಳು."

ಕದಿಯಲು ಬರುವುದಿಲ್ಲ ಅಂತ ಬೈಸಿಕೊಂಡ ಅಳಿಯ ಇಡೀ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಇವತ್ತು ಮಧ್ಯಾಹ್ನದೊಳಗೆ ಇದೇ ಟಿವಿಯಲ್ಲಿ ನನ್ನ ಅಕ್ಷರ ಬರುತ್ತದೆ, ನಿಮ್ಮಪ್ಪನಿಗೆ ಹೇಳು ಅಂತ ಹೆಂಡತಿಗೆ ಹೇಳಿದೆ. ಬಂದರೆ ಸರಿ, ಬಾರದಿದ್ದರೆ ನಾಳೆ ಗುಜರಿಯವನನ್ನು ನಾನೇ ಕರೆತರುತ್ತೇನೆ, ನಿನ್ನ ಗಂಡನಿಗೆ ಹೇಳು ಅಂತ ಅವರು ಹೇಳಿದರು. ಬರಲಿ, ಕರೆದುಕೊಂಡು ಬರಲಿ ಅಂತ ನಾನು ಹೇಳಿದೆ. ಅವಳು ಒಮ್ಮೆ ಅವರ ಕಡೆ, ಒಮ್ಮೆ ನನ್ನ ಕಡೆ ತಿರುಗಿ ತಿರುಗಿ ಸುಸ್ತಾದಳು.

"ನೀವಿಬ್ರೂ ಕಿವುಡರೇನಲ್ಲ. ಅಲ್ಲಿ ಅನ್ನ ಸೀದೋಗ್ತಾ ಇದೆ" ಅಂತ ಅಡುಗೆಮನೆಗೆ ಹೋಗಿಬಿಟ್ಟಳು.

ದೇವರು ಕೈ ಎತ್ತಿದ ಹೊತ್ತು

ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಡೆಲ್ಲಿಯಿಂದ ಪುರಾಣದ ಧಾರಾವಾಹಿ ಬರುತ್ತಿದ್ದ ದಿನಗಳವು. ಹಿಂದಿ ಯಾರಿಗೂ ಬಾರದಿದ್ದರೂ ಸ್ನಾನ ಮಾಡಿ, ಊದುಬತ್ತಿ ಹಚ್ಚಿ ನೋಡುತ್ತಿದ್ದರು. ನಮ್ಮ ಟಿವಿ ಬಿಚ್ಚಿದ್ದರಿಂದ ಮಾವ ತಾತನ ಮನೆಗೆ ಹೋದರು. ಜೊತೆಗೆ ಹೆಂಡತಿಯೂ ಹೋದಳು. ಬೀದಿಯ ಅರ್ಧ ಜನ ಅಲ್ಲೇ ಸೇರಿದ್ದರು.

ನಾನೊಬ್ಬನೇ ಉಳಿದೆ. ಕದಿಯಲು ಬರುವುದಿಲ್ಲ ಅನ್ನುವ ಮಾತು ಕಿವಿಯಲ್ಲೇ ಇತ್ತು. ಕಂಪ್ಯೂಟರಿನ ತಂತಿಯನ್ನು ಟಿವಿಗೆ ಕೊಡುವ ಮುಂಚೆ ಛಾವಣಿಯ ಆಂಟೆನಾ ತಂತಿಯನ್ನು ಬಿಚ್ಚಬೇಕು. ಸಿಟ್ಟಿನಲ್ಲಿ ನಾನು ಬಿಚ್ಚಲಿಲ್ಲ. ಅದೇ ಸ್ಕ್ರೂಗೆ ಇದನ್ನೂ ಸುತ್ತಿ ಸ್ವಿಚ್ ಹಾಕಿದೆ. ಪರದೆ ಮೊದಲು ಬಿಳಿಚಿಕೊಂಡಿತು, ಆಮೇಲೆ ಕಪ್ಪಾಯಿತು. ಮೂಲೆಯಲ್ಲಿ ಒಂದು ಪುಟ್ಟ ಬಿಳಿ ಚೌಕ ಮಿಣುಕತೊಡಗಿತು. ಒಂದು ಕೀ ಒತ್ತಿದೆ. ಅಕ್ಷರ ಬಂತು. ಇನ್ನೊಂದು ಒತ್ತಿದೆ, ಅದೂ ಬಂತು. ನನ್ನ ಕಣ್ಣು ತುಂಬಿತು. ಕರೆದು ತೋರಿಸೋಣವೆಂದರೆ ಮನೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಆಗ ಸಿಟ್ಟು ನೆತ್ತಿಗೇರಿತು. ಬಾಯಲ್ಲಿ ಆಡಲಾಗದ್ದನ್ನು ಬೆರಳು ಆಡಿತು. ಎಂದೂ ನಾಲಿಗೆಯ ಮೇಲೆ ತಂದಿರದ ಮಾವನ ಹೆಸರನ್ನು ಇನಿಷಿಯಲ್ ಸಮೇತ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದೆ. ಅದರ ಮುಂದೆ ಈಡಿಯಟ್ ಅಂತ ಹೊಡೆದೆ. ಅಷ್ಟಕ್ಕೆ ಸಮಾಧಾನವಾಗದೆ, ಅದೇ ಸಾಲು ಮತ್ತೆ ಮತ್ತೆ ಬರುವಂತೆ ಎರಡು ಸಾಲಿನ ಪ್ರೋಗ್ರಾಂ ಬರೆದೆ. ಮೇಲಿಂದ ಕೆಳಗೆ ಪರದೆ ತುಂಬ ಮಾವ, ಈಡಿಯಟ್, ಮಾವ, ಈಡಿಯಟ್. ಕೈಕಟ್ಟಿಕೊಂಡು ನೋಡುತ್ತಾ ಕೂತೆ, ಹೊಟ್ಟೆ ತಣ್ಣಗಾಯಿತು. ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ದೊಡ್ಡ ಗದ್ದಲವೆದ್ದಿತು. ಯಾರೋ ಬರುತ್ತಾರೆ ಅಂತ ಹೆದರಿ ಸ್ವಿಚ್ ಆರಿಸಿದೆ.

ಮಾವ ಓಡಿಬಂದರು, ಹಿಂದೆಯೇ ಹೆಂಡತಿ. ಹೆಗಲ ಟವೆಲ್ ಎಲ್ಲೋ ಬಿದ್ದುಹೋಗಿತ್ತು, ಕಣ್ಣಲ್ಲಿ ನೀರು.

"ಅಳಿಯಂದ್ರೆ, ಡೆಲ್ಲಿಯೋರು ಟಿವೀಲಿ ನನ್ನೆಸ್ರು ಆಕಿದ್ರು. ದೇವ್ರು ಕೈ ಎತ್ತಿ ಆಶೀರ್ವಾದ ಮಾಡೋ ಟೈಮ್ಗೆ ಪೂರ್ತಿ ನನ್ನೆಸ್ರೇ."

ನನಗೆ ಆಗ ಅರ್ಥವಾಯಿತು. ನಾನು ಬಿಚ್ಚದೆ ಬಿಟ್ಟ ಆಂಟೆನಾ ನನ್ನ ಅಕ್ಷರಗಳನ್ನು ಛಾವಣಿಗೆ ಒಯ್ದು, ಒಂದು ಮಾರು ಆಚೆಗಿದ್ದ ತಾತನ ಆಂಟೆನಾಕ್ಕೆ ದಾಟಿಸಿತ್ತು. ಮಾವನಿಗೆ ಇಂಗ್ಲಿಷ್ ಓದಲು ಬಾರದು. ಏನದು ಅಂತ ಕೇಳಿದಾಗ ತಾತ ಹೆಸರನ್ನು ಓದಿ, ಮುಂದಿನ ಪದವನ್ನು ನೋಡಿ, ಕನ್ನಡಕ ಒರೆಸಿಕೊಂಡು, ದೊಡ್ಡ ಮನುಷ್ಯರು ಅಂತ ಹಾಕಿದ್ದಾರೆ ಅಂದರಂತೆ. ಓದಲು ಬಾರದವರೆಲ್ಲ ಮಾವನಿಗೆ ಕೈಮುಗಿದರಂತೆ. ಓದಲು ಬರುವವರು ಗೋಡೆಯ ಕಡೆ ತಿರುಗಿಕೊಂಡರಂತೆ. ಇದನ್ನೆಲ್ಲ ಹೆಂಡತಿ ಆಮೇಲೆ ಹೇಳಿದ್ದು. ಅವಳು ಪಿಯುಸಿ ಓದಿದವಳು.

ಮಾವ ಕಣ್ಣೊರೆಸಿಕೊಂಡು ಟಿವಿಯ ಕಡೆ ನೋಡಿದರು. ಮುಖ ಗಂಟಾಯಿತು.

"ಅಮ್ಮಣ್ಣಿ, ಮಧ್ಯಾಹ್ನದೊಳಗೆ ಬತ್ತದೆ ಅಂದಿದ್ರಲ್ಲ ನಿನ್ ಗಂಡ. ಏನಾದ್ರೂ ಬಂತಾ ಕೇಳು."

ಹೆಂಡತಿ ನನ್ನನ್ನೇ ನೋಡಿದಳು. "ಏನಾದ್ರೂ ಬಂತೇನ್ರೀ?"

ತಿಂಗಳುಗಟ್ಟಲೆ ನಾನು ಕಾದಿದ್ದ ಪ್ರಶ್ನೆ ಅದೊಂದೇ. ಬಂತು ಅಂದರೆ, ಏನು ಬಂತು ಅಂತಲೂ ಹೇಳಬೇಕು.

"ಇಲ್ಲ" ಅಂದೆ. "ಏನೂ ಬರಲಿಲ್ಲ."

ಮಾರನೆಯ ದಿನ ಗುಜರಿಯವನು ಬಂದು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡ. ಮಾವ ಪಕ್ಕದಲ್ಲೇ ನಿಂತು ಒಂದು ತುಂಡು ತಂತಿಯೂ ಉಳಿಯದಂತೆ ನೋಡಿಕೊಂಡರು. ಅಡುಗೆಮನೆಯಲ್ಲಿ ಹೆಂಡತಿ ಮುಖ ಎತ್ತದೆ, ಅಕ್ಷರ ಮಾತ್ರ ಬಹಳ ಚೆನ್ನಾಗಿ ಕಾಣುತ್ತಿತ್ತು ಅಂದಳು.

ಆಮೇಲೆ ಬಂಗಾರಪೇಟೆ ಕಡೆ ಯಾರ ಮದುವೆಗೆ ಹೋದರೂ ಮಾವನ ಸುತ್ತ ಹತ್ತು ಜನ. ಡೆಲ್ಲಿಯವರು ತಮ್ಮ ಹೆಸರು ಹಾಕಿದ ಕಥೆಯನ್ನು ಪೂರ್ತಿ ಹೇಳುತ್ತಿದ್ದರು. ಕೊನೆಗೆ ಕಂಬಕ್ಕೊರಗಿ ನಿಂತಿದ್ದ ನನ್ನ ಕಡೆ ತಿರುಗಿ, ನಾಲ್ಕು ಜನರ ಮುಂದೆ ಮರ್ಯಾದೆ ಕೊಟ್ಟೇ ಹೇಳುತ್ತಿದ್ದರು.

"ನಮ್ಮಳಿಯಂದ್ರೂ ಟಿವೀಲಿ ಏನೋ ಬರುಸ್ತೀನಿ ಅಂತ ಒಂದಷ್ಟ್ ದಿನ ಒದ್ದಾಡಿದ್ರು ಪಾಪ. ಎಲ್ರ ಕೈಲೂ ಆಗ್ತದಾ."