ಸೂಪಿನ ಸಿನಿಮಾದಲ್ಲಿ ಕೊಲೆ

"ಇವತ್ತಿನಿಂದ ಈ ಮನೆ ಟೀವೀಲಿ ಒಂದೇ ಒಂದು ಕೊಲೆಯೂ ನಡೀಕೂಡದು!"

ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಹಲ್ಲಿನ ಡಾಕ್ಟರು ಹೀಗೆ ಅಪ್ಪಣೆ ಹೊರಡಿಸಿದಾಗ ಅವರ ಹೆಂಡತಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಸವರುವ ಕೈ ನಿಲ್ಲಲಿಲ್ಲ.

"ಟೀವೀಲಿ ಬೇಡ ಅಂದ್ರೆ ಇನ್ನೆಲ್ಲಿ ಮಾಡ್ಲಿ, ನೀವೇ ಜಾಗ ತೋರಿಸಿ. ಚಾಕು ಹೇಗೂ ಕೈಲೇ ಇದೆ."

ಡಾಕ್ಟರು ನಗಲಿಲ್ಲ. ಹಳೆಯ ಯುರೋಪಿಯನ್ ಸಿನಿಮಾ ನೋಡುವವರು ಅಷ್ಟು ಸುಲಭಕ್ಕೆ ನಗುವುದಿಲ್ಲ. ನಕ್ಕರೆ ಎಲ್ಲಿ ತಮಗೂ ಎಲ್ಲರಂತೆ ಅರ್ಥವಾಗಿಬಿಟ್ಟಿದೆ ಅಂದುಕೊಳ್ಳುತ್ತಾರೋ ಎಂಬ ಭಯ!

ಅವರ ಪ್ರಕಾರ ಸಿನಿಮಾ ಅಂದರೆ ಕಪ್ಪು-ಬಿಳುಪಿನಲ್ಲಿರಬೇಕು. ಒಬ್ಬ ಮನುಷ್ಯ ರಸ್ತೆಯ ಆ ತುದಿಯಿಂದ ಈ ತುದಿಗೆ ನಡೆದು ಬರಬೇಕು. ಬಂದು ಏನೂ ಹೇಳಬಾರದು. ಹೇಳದೆ ಹಾಗೇ ವಾಪಸ್ ಹೋಗಬೇಕು. ಆಹಾ! ಅದು ಕಲೆ! "ಬಣ್ಣ ಬಂದಾಗಲೇ ಸಿನಿಮಾಕ್ಕೆ ಹುಳುಕು ಹತ್ತಿತು. ಈ ಪತ್ತೇದಾರಿ ಸೀರಿಯಲ್ಲುಗಳು ಬಂದ ಮೇಲೆ ಹುಳುಕು ಬೇರಿಗೇ ಇಳೀತು" ಎಂಬುದು ಅವರ ಖಚಿತ ಅಭಿಪ್ರಾಯ.

ಈ ಅಭಿಪ್ರಾಯಗಳಿಗೆ ಕೇಳುಗರ ಬರವಿರಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ, ಮುಖದ ಮೇಲೆ ದೀಪ ಎಳೆದು, ದವಡೆಗೆ ಹತ್ತಿ ತುರುಕಿದ ಮೇಲೆ ಯಾವ ಗಂಡುಗಲಿ ತಾನೇ ಎದುರು ಮಾತಾಡಿಯಾನು? ಡಾಕ್ಟರ ಕೈ ಹಲ್ಲು ಕೊರೆಯುತ್ತಿದ್ದರೆ ಬಾಯಿ ತಲೆ ಕೊರೆಯುತ್ತಿತ್ತು. ಹಲ್ಲಿಗಾದರೆ ಮರಗಟ್ಟಿಸುವ ಇಂಜೆಕ್ಷನ್ ಇತ್ತು!

"ಮೌನದಲ್ಲಿ ಎಂಥಾ ಶಕ್ತಿ ಇದೆ ಅಂತೀರಿ?"

"ಆ... ಆಆ..."

"ನೋಡಿದ್ರಾ, ನೀವೂ ಒಪ್ತೀರಿ!"

ಒಪ್ಪದವರು ಒಬ್ಬರೇ, ಹೆಂಡತಿ. ಆಕೆ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಗಂಡನ ಸಿನಿಮಾ ನೋಡಲು ಕೂತರೆ ಅವರ ಬಲಗಾಲು ತಾನಾಗಿಯೇ ಇಲ್ಲದ ಆಕ್ಸಿಲರೇಟರನ್ನು ಒತ್ತತೊಡಗುತ್ತಿತ್ತು. ಅವರಿಗೆ ಬೇಕಾದದ್ದು ಯುರೋಪಿನದೇ, ಆದರೆ ಪೊಲೀಸ್ ಸೀರಿಯಲ್ಲು. ಎಲ್ಲೆಲ್ಲೂ ಹಿಮ, ಹಿಮದಡಿಯಲ್ಲೊಂದು ಹೆಣ, ಹೆಣದ ಪಕ್ಕ ಒಂದು ಕೆಂಪು ಕೈಗವಸು, ಅದರ ಹಿಂದೆ ಬಿದ್ದ, ನಿದ್ದೆಯನ್ನೇ ಕಾಣದ ಒಬ್ಬ ಇನ್ಸ್‌ಪೆಕ್ಟರಮ್ಮ. ವಾರಗಟ್ಟಲೆ ನೋಡಿದ್ದಾಯಿತು, ಇನ್ನು ಕೊನೆಯ ಕಂತೊಂದು ಬಾಕಿ. ಕೊಲೆಗಾರ ಯಾರು ಎಂದು ತಿಳಿದುಕೊಂಡೇ ಸಾಯುತ್ತೇನೆ ಎನ್ನುವಷ್ಟು ತವಕ.

ಅಂದು ಡಾಕ್ಟರು ಅಪ್ಪಣೆ ಹೊರಡಿಸಲು ಕಾರಣವಿತ್ತು. ಊರಿನ ಸಿನಿಮಾ ಕೂಟ ಸೇರುತ್ತಿದ್ದ ಗ್ರಂಥಾಲಯದ ಚಾವಣಿ ರಿಪೇರಿಗೆ ಬಂದು, ಭಾನುವಾರದ ಪ್ರದರ್ಶನ ಡಾಕ್ಟರ ಮನೆಗೇ ಒಲಿದಿತ್ತು. ಕೂಟದ ಅಧ್ಯಕ್ಷರು ನೋಟರಿ ವಕೀಲರು. "ನನಗೂ ಸಾಕಾಯ್ತು. ಚೆನ್ನಾಗಿ ಮಾತಾಡೋರು ಸಿಕ್ಕಿದ್ರೆ ಅಧ್ಯಕ್ಷಗಿರಿ ಅವರಿಗೇ ಒಪ್ಪಿಸಿಬಿಡ್ತೀನಿ" ಎಂದು ರೂಟ್ ಕೆನಾಲ್ ನಡುವೆ ಬಾಯಿ ಮುಕ್ಕಳಿಸುತ್ತಾ ಅಂದಿದ್ದರು. ಅಂದಿನಿಂದ ಡಾಕ್ಟರು ಅಧ್ಯಕ್ಷರಂತೆಯೇ ನಡೆದಾಡುತ್ತಿದ್ದರು.

"ಭಾನುವಾರ ಹಾಲ್ ನಿಮ್ದು, ಕೋಣೆ ನಮ್ದು" ಎಂದು ಹೆಂಡತಿ ಸಂಧಾನ ಸೂತ್ರ ಮುಂದಿಟ್ಟರು. "ನಮ್ ಕಂತನ್ನ ಲ್ಯಾಪ್‌ಟಾಪಿಗೆ ಹಾಕ್ಕೊಡಿ ಸಾಕು. ಅಮ್ಮನೂ ನಿನ್ನೆ ತಾನೇ ಊರಿಂದ ಬಂದಿದಾರೆ. ಕಿವಿ ಮಂದ, ಕೆಳಗಡೆ ಅಕ್ಷರ ಸರಿಯಾಗಿ ಬರ್ಬೇಕು ನೋಡಿ."

"ಎರಡನ್ನೂ ನಾನೇ ಜೋಡಿಸ್ತೀನಿ. ಒಂದೊಂದಕ್ಕೂ ಅಚ್ಚುಕಟ್ಟಾಗಿ ಹೆಸರಿಟ್ಟು ಕೊಡ್ತೀನಿ."

"ಹೆಸರಿಡೋದ್ರಲ್ಲಿ ನಿಮ್ಮನ್ನ ಮೀರಿಸೋರುಂಟಾ!"

ಸಿನಿಮಾದ ಫೈಲು ಬೇರೆ, ಅದರ ಕೆಳಗೆ ಅಕ್ಷರವಾಗಿ ಬರುವ ಮಾತಿನ, ಅಂದರೆ ಸಬ್‌ಟೈಟಲ್ಲಿನ, ಫೈಲು ಬೇರೆ. ಎರಡಕ್ಕೂ ಒಂದೇ ಹೆಸರಿಟ್ಟು ಜೊತೆ ಮಾಡಬೇಕು. ಡಾಕ್ಟರು ಕೆಲಸಕ್ಕೆ ಕೂತರು. ಅಷ್ಟರಲ್ಲಿ ಯಾರದೋ ದವಡೆ ಊದಿಕೊಂಡು ಫೋನ್ ಬಂತು. ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು "ಉಪ್ಪುನೀರಲ್ಲಿ ಮುಕ್ಕಳಿಸಿ" ಎನ್ನುತ್ತಾ ಹೆಸರಿಟ್ಟೇ ಇಟ್ಟರು. ಸೀರಿಯಲ್ಲಿನ ಮಾತುಗಳೆಲ್ಲ ಹೋಗಿ ಸಿನಿಮಾದ ಕೊರಳಿಗೆ ಬಿದ್ದವು, ಸಿನಿಮಾದ ಮಾತುಗಳು ಸೀರಿಯಲ್ಲಿನ ಕೊರಳಿಗೆ!

ಶನಿವಾರ ಮಧ್ಯಾಹ್ನ ಡಾಕ್ಟರು ಒಂದು ಸಲ ನೋಡಿಬಿಡೋಣವೆಂದು ಸಿನಿಮಾ ಹಾಕಿದರು. ಕಾಲೇಜಿನ ದಿನಗಳಲ್ಲಿ ಸಬ್‌ಟೈಟಲ್ಲಿಲ್ಲದೆ ನೋಡಿ, ಏನೂ ತಿಳಿಯದೆ, ಅಂದಿನಿಂದ ಎಲ್ಲರ ಮುಂದೆಯೂ ಹೊಗಳಿಕೊಂಡು ಬಂದ ಚಿತ್ರ. ಬೆಟ್ಟದ ಮೇಲೊಂದು ಒಂಟಿ ಮನೆ. ಒಬ್ಬ ಮುದುಕ, ಒಬ್ಬಳು ಮುದುಕಿ, ಒಂದು ಮೇಕೆ. ಮುದುಕಿ ಕಾಲುಚೀಲ ಹೊಲಿಯುತ್ತಾಳೆ, ಮುದುಕ ಅವಳನ್ನು ನೋಡುತ್ತಾನೆ, ಮೇಕೆ ಇಬ್ಬರನ್ನೂ ನೋಡುತ್ತದೆ. ಆಮೇಲೆ ಸೂಪು ಕುಡಿಯುತ್ತಾರೆ.

ಮುದುಕಿ ದಾರ ಎಳೆದು ತುಟಿ ಅಲುಗಿಸಿದಳು. ಕೆಳಗೆ ಅಕ್ಷರ ಮೂಡಿತು: "ಹೆಣ ಎಲ್ಲಿದೆ?"

ಮುದುಕ ಸಾವಕಾಶವಾಗಿ ತಿರುಗಿದ. "ಸೇತುವೆ ಕೆಳಗೆ."

ಡಾಕ್ಟರು ಎದ್ದು ನಿಂತುಬಿಟ್ಟರು! ಪರದೆಯ ತುಂಬ ಮೇಕೆಯ ಮುಖ ಬಂತು. "ಇವನ ಮೇಲೆ ನನಗೆ ಮೊದಲಿಂದಲೂ ಅನುಮಾನ."

ಡಾಕ್ಟರ ಮೈ ಜುಮ್ಮೆಂದಿತು. ಅಬ್ಬಾ, ಇಷ್ಟು ವರ್ಷ ಇದನ್ನು ಶಾಂತಿಯ ಚಿತ್ರ ಎಂದುಕೊಂಡಿದ್ದೆನಲ್ಲ! ಇದು ಸಂಸಾರವೆಂಬ ಸ್ಮಶಾನದ ಚಿತ್ರ! ಸ್ವಲ್ಪ ಹೊತ್ತು ನೋಡಿ, ಎಂದಿನಂತೆ ಕಣ್ಣು ಮುಚ್ಚಿ ಅನುಭವಿಸತೊಡಗಿದರು. ಆ ಅನುಭವಕ್ಕೆ ಸಣ್ಣಗೆ ಗೊರಕೆಯೂ ಸೇರಿಕೊಂಡಿತು. ನಿಜ ಹೇಳಬೇಕೆಂದರೆ ಹಳೆಯ ಸಿನಿಮಾಗಳ ದ್ವಿತೀಯಾರ್ಧವನ್ನು ಡಾಕ್ಟರು ನೋಡಿದ್ದೇ ಇಲ್ಲ.

ಭಾನುವಾರ ಮಧ್ಯಾಹ್ನ ಕೂಟ ಸೇರಿತು. ನೋಟರಿ ಅಧ್ಯಕ್ಷರು, ಔಷಧಿ ಅಂಗಡಿಯ ಯಜಮಾನರು, ಸಂಗೀತ ಹೇಳಿಕೊಡುವ ಪಿಟೀಲು ಮೇಡಂ, ಹೀಗೆ ಸೋಫಾ ತುಂಬುವಷ್ಟು ಜನ. ಹೆಂಡತಿಗೆ ಅಂದೇ ಒಬ್ಬರಿಗೆ ರಿವರ್ಸ್ ಕಲಿಸುವುದಿತ್ತು. "ಅಮ್ಮಾ, ನಾನು ಬರೋದು ತಡ ಆದ್ರೆ ನೀನು ನೋಡ್ತಾ ಇರು, ನಾನು ಆಮೇಲೆ ಮೊದಲಿಂದ ನೋಡ್ಕೋತೀನಿ" ಎಂದು ಕೋಣೆಯಲ್ಲಿ ಲ್ಯಾಪ್‌ಟಾಪ್ ಹಚ್ಚಿಕೊಟ್ಟು ಹೊರಟರು.

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಸಹೃದಯರೆ! ದಾಂಪತ್ಯ ಅಂದ್ರೇನು? ನಿಧಾನಕ್ಕೆ ನಡೆಯೋ ಒಂದು ಕೊಲೆ! ಹಂತಕ ಯಾರು, ಹತರಾದೋರು ಯಾರು ಅನ್ನೋದು ಇಬ್ಬರಿಗೂ ಗೊತ್ತಿರಲ್ಲ. ಆ ಸತ್ಯವನ್ನ ಈ ಮಹಾನ್ ನಿರ್ದೇಶಕ ಒಂದು ಬಟ್ಟಲು ಸೂಪಿನಲ್ಲಿ ಬಡಿಸಿದ್ದಾನೆ!"

ಚಪ್ಪಾಳೆ ಬಿತ್ತು. ಅಧ್ಯಕ್ಷರು ತಮ್ಮ ಸ್ಥಾನವನ್ನು ಈಗಲೇ ಬಿಟ್ಟುಕೊಡುವವರಂತೆ ಸೋಫಾದಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದರು. ಸಿನಿಮಾ ಶುರುವಾಯಿತು. ಸೂಪು ಕುದಿಯಿತು, ಹೆಣಗಳು ಏಳತೊಡಗಿದವು. ಇಷ್ಟು ದಿನ ಇಂಥ ಸಿನಿಮಾಕ್ಕೆ ಆಕಳಿಸುತ್ತಿದ್ದ ಕೂಟ ಮುಂದಕ್ಕೆ ಬಾಗಿ ಕೂತಿತು.

ಮುದುಕಿ ಮೇಕೆಗೆ ಹುಲ್ಲು ಹಾಕಿದಳು. "ಡಿಎನ್ಎ ವರದಿ ಬಂತು" ಎಂದಿತು ಸಬ್‌ಟೈಟಲ್.

"ಅಲ್ಲ ಡಾಕ್ಟ್ರೆ," ಪಿಟೀಲು ಮೇಡಂ ಕೇಳಿದರು, "ಆ ಕಾಲದಲ್ಲಿ ಡಿಎನ್ಎ ಪರೀಕ್ಷೆ ಎಲ್ಲಿತ್ತು?"

ಡಾಕ್ಟರು ಒಂದು ಕ್ಷಣ ತಡವರಿಸಿದರು. ಒಂದೇ ಕ್ಷಣ. "ಅದಕ್ಕೇ ಅವನನ್ನ ಕಾಲಕ್ಕಿಂತ ಮುಂದಿದ್ದವನು ಅನ್ನೋದು!"

ಮುದುಕ ಬೀಡಿಯ ಹಾಗಿನದೇನನ್ನೋ ಹಚ್ಚಿದ. "ಅವನ ಮೊಬೈಲು ಆಫ್ ಆಗಿದೆ."

"ಮೊಬೈಲು ಅಂದ್ರೆ ಇಲ್ಲಿ ಆತ್ಮಸಾಕ್ಷಿ" ಎಂದು, ಯಾರೂ ಕೇಳುವ ಮೊದಲೇ ಡಾಕ್ಟರು ಅರ್ಥ ಹೇಳಿಬಿಟ್ಟರು. ಏನೋ ಎಡವಟ್ಟಾಗಿದೆ ಎಂದು ಒಳಮನಸ್ಸು ಪಿಸುಗುಟ್ಟಿತು. ಆದರೆ ಅಧ್ಯಕ್ಷಗಿರಿಯ ಹೊಸ್ತಿಲಲ್ಲಿ ನಿಂತವರಿಗೆ ಒಳಮನಸ್ಸು ಕೇಳಿಸುತ್ತದೆಯೇ?

ಸಿನಿಮಾ ಮುಗಿಯಲು ಬಂದಾಗ ಬಾಗಿಲು ತೆರೆದು ಹೆಂಡತಿ ಒಳಗೆ ಬಂದರು. ಕೈಯಲ್ಲಿ ಕಾರಿನ ಕೀ. ಪರದೆಯ ಮೇಲೆ ಮುದುಕಿ ಕಾಲುಚೀಲ ಎತ್ತಿ ಹಿಡಿದಿದ್ದಳು. "ಇನ್ನೊಂದು ಕೆಂಪು ಕೈಗವಸೂ ಸಿಕ್ಕಿದೆ."

"ರೀ! ಅದು ನಮ್ಮ ಕೈಗವಸು!"

"ಶ್! ಕೈಗವಸು ಇಲ್ಲಿ ಪಾಪಪ್ರಜ್ಞೆಯ ಸಂಕೇತ."

"ಯಾವ ಸಂಕೇತಾನೂ ಅಲ್ಲ! ಇನ್ಸ್‌ಪೆಕ್ಟರಮ್ಮ ವಾರಗಟ್ಟಲೆ ಹುಡುಕ್ತಿರೋ ಕೈಗವಸು ಅದು. ನಮ್ ಸೀರಿಯಲ್ ಮಾತೆಲ್ಲ ತಂದು ಈ ಮುದುಕರ ಬಾಯಿಗೆ ತುರುಕಿದೀರಲ್ರೀ!" ಅಷ್ಟು ಹೇಳಿದ್ದೇ ಅವರಿಗೆ ಇನ್ನೊಂದು ಹೊಳೆಯಿತು. "ಅಯ್ಯೋ, ಇದು ಕೊನೇ ಕಂತು! ಕೊಲೆಗಾರ ಯಾರು ಅಂತ ಬಂದ್ಬಿಡತ್ತೆ! ನಿಲ್ಸಿ! ಯಾರೂ ಓದ್ಬೇಡಿ!"

ಕೀ ಬಿಸಾಡಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡರು. ಡಾಕ್ಟರು ರಿಮೋಟ್‌ಗಾಗಿ ಸೋಫಾ ದಿಂಬುಗಳನ್ನು ಕಿತ್ತೆಸೆದರು. ಅದು ಪಿಟೀಲು ಮೇಡಂ ಕೆಳಗೆ ಸಿಕ್ಕಿತು. ಗಾಬರಿಯಲ್ಲಿ ಯಾವುದೋ ಗುಂಡಿ ಒತ್ತಿದರು. ಅಕ್ಷರ ಹಳದಿಯಾಯಿತು. ಇನ್ನೊಂದು ಒತ್ತಿದರು. ಅಕ್ಷರ ಎರಡು ಪಟ್ಟು ದಪ್ಪವಾಯಿತು!

ಹೆಂಡತಿ ಕಣ್ಣನ್ನೇನೋ ಮುಚ್ಚಿಕೊಂಡರು, ಕಿವಿ ಬಿಟ್ಟುಬಿಟ್ಟಿದ್ದರು. ಔಷಧಿ ಅಂಗಡಿಯ ಯಜಮಾನರಿಗೋ ಡಾಕ್ಟರುಗಳ ಕೋಳಿಕಾಲಿನ ಬರಹವನ್ನು ಜೋರಾಗಿ ಓದಿ ಖಾತ್ರಿಪಡಿಸಿಕೊಳ್ಳುವ ಜೀವಮಾನದ ಅಭ್ಯಾಸ. ಮುದುಕ ಬಟ್ಟಲಿಗೆ ಸೂಪು ಬಗ್ಗಿಸುತ್ತಿದ್ದ. ಯಜಮಾನರು ಓದಿಯೇ ಓದಿದರು:

"ಕೊಲೆಗಾರ ಬೇರೆ ಯಾರೂ ಅಲ್ಲ, ಆ ಹಲ್ಲಿನ ಡಾಕ್ಟರು!"

ಇಡೀ ಕೂಟ ಒಟ್ಟಿಗೆ ತಿರುಗಿ ನೋಡಿತು. ರಿಮೋಟನ್ನು ಪಿಸ್ತೂಲಿನಂತೆ ಹಿಡಿದು ನಿಂತಿದ್ದ ಡಾಕ್ಟರು ತಮಗೇ ಅರಿವಿಲ್ಲದೆ ಕೈ ಮೇಲೆತ್ತಿದರು.

"ನಮ್ ಸೀರಿಯಲ್ಲಿನ ಆ ಸಾಧು ಡಾಕ್ಟರಾ?" ಹೆಂಡತಿ ಕಣ್ಣಿನಿಂದ ಕೈ ತೆಗೆದರು. "ಅವನ ಮೇಲೆ ನಂಗೆ ಚೂರೂ ಅನುಮಾನ ಇರ್ಲಿಲ್ಲ ಕಣ್ರೀ. ಎಷ್ಟು ವಾರದಿಂದ ಕಾದಿದ್ದೆ. ಎಲ್ಲಾ ಹಾಳು ಮಾಡಿದ್ರಲ್ಲ."

ಡಾಕ್ಟರು ಮೇಲೆತ್ತಿದ ಕೈಯನ್ನು ಕೆಳಗಿಳಿಸಿದರು. "ತಪ್ಪಾಯ್ತು ಮಾರಾಯ್ತಿ" ಎಂದು ಮೆಲ್ಲಗೆ ಹೇಳಿ, ಮಾನ ಉಳಿಸಿಕೊಳ್ಳಲು ಸಿನಿಮಾದ ಅಸಲಿ ಸಬ್‌ಟೈಟಲ್ ಹುಡುಕಿ ಜೋಡಿಸಿದರು.

"ಮಳೆ ಬರಬಹುದು" ಎಂದಳು ಮುದುಕಿ.

ಮುದುಕ ತುಂಬ ಹೊತ್ತು ಯೋಚಿಸಿದ. "ಬರಬಹುದು."

ಕೂಟದಲ್ಲಿ ಒಬ್ಬರು ಆಕಳಿಸಿದರು. ಅದು ಅಂಟುರೋಗದಂತೆ ಸೋಫಾ ಪೂರ್ತಿ ಹರಡಿತು.

"ಡಾಕ್ಟ್ರೆ, ಮೊದಲಿನ ಮಾತನ್ನೇ ಹಾಕಿ. ಇದರಲ್ಲಿ ಅರ್ಥಾನೇ ಇಲ್ಲ" ಎಂದರು ಪಿಟೀಲು ಮೇಡಂ. ಅಧ್ಯಕ್ಷರು ಸೋಫಾದ ನಡುವಿಗೆ ಮತ್ತೆ ಸರಿದು ಭದ್ರವಾಗಿ ಕೂತರು. "ಅಧ್ಯಕ್ಷಗಿರಿ ಇನ್ನೊಂದಷ್ಟು ದಿನ ನನ್ನ ಹತ್ರಾನೇ ಇರ್ಲಿ ಬಿಡಿ. ಆ ಆತ್ಮಸಾಕ್ಷಿ ಆಫ್ ಆಗಿದ್ದು ಆನ್ ಆಗೋವರೆಗೆ!"

ಆಗ ಹೆಂಡತಿ ಹಣೆ ಚಚ್ಚಿಕೊಂಡರು. "ಅಯ್ಯೋ, ಅಮ್ಮ! ಅಲ್ಲಿ ಅಮ್ಮ ಏನು ನೋಡ್ತಿದಾರೆ?"

ಎಲ್ಲರೂ ಕೋಣೆಗೆ ನುಗ್ಗಿದರು. ಅತ್ತೆ ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿ, ಕನ್ನಡಕ ಏರಿಸಿ, ಭಕ್ತಿಯಿಂದ ಲ್ಯಾಪ್‌ಟಾಪ್ ನೋಡುತ್ತಿದ್ದರು. ಅದರಲ್ಲಿ ಇನ್ಸ್‌ಪೆಕ್ಟರಮ್ಮ ಹಿಮದಲ್ಲಿ ನಿಂತು, ಎದುರಿಗಿದ್ದವನ ಎದೆಗೆ ಪಿಸ್ತೂಲು ಗುರಿಯಿಟ್ಟು ಕಿರುಚುತ್ತಿದ್ದಳು. ಕೆಳಗೆ ಅಕ್ಷರ: "ಬೇಗ ಬಾ, ಸೂಪು ಆರಿಹೋಗುತ್ತೆ."

"ಅತ್ತೆ, ನಿಲ್ಸಿಬಿಡಿ, ಒಂದು ಎಡವಟ್ಟಾಗಿದೆ" ಎಂದು ಡಾಕ್ಟರು ಅವರ ಕಿವಿಯ ಹತ್ತಿರ ಬಾಗಿ ಕೂಗಿದರು.

"ನಿಲ್ಸೋದಾ? ಎಂಥಾ ಸಿನಿಮಾ ಆರಿಸ್ತೀರಿ ಅಳಿಯಂದ್ರೆ! ನಿಮ್ಮನ್ನ ಇಷ್ಟು ದಿನ ಆಡ್ಕೊಂಡಿದ್ದಕ್ಕೆ ಈಗ ನಾಚಿಕೆ ಆಗ್ತಿದೆ."

"ಅಯ್ಯೋ, ಇದು ನನ್ನ ಸಿನಿಮಾ ಅಲ್ಲ ಅತ್ತೆ!"

"ಸುಮ್ನಿರಿ, ಸಂಕೋಚ ಯಾಕೆ?" ಅತ್ತೆ ಅಧ್ಯಕ್ಷರ ಕಡೆ ತಿರುಗಿ ಅಳಿಯನನ್ನು ಹೆಮ್ಮೆಯಿಂದ ತೋರಿಸಿದರು. "ಶುರುವಿನಿಂದ ಕಣ್ಣು ಮಿಟುಕಿಸದೆ ನೋಡಿದೀನಿ, ಒಂದಕ್ಷರ ಅರ್ಥ ಆಗಿಲ್ಲ. ಇವರದ್ದಲ್ದೆ ಇನ್ಯಾರದ್ದು ಇರುತ್ತೆ ಹೇಳಿ!"